ಉತ್ತರಕ್ಕೆ ಬಂಡಿ ಹಾದಿ

ಅಂತರರಾಷ್ಟ್ರೀಯ ವ್ಯಾಪಾರ ಮತ್ತು ಹೂಡಿಕೆ ಕಾನೂನು. ನಾನು ಸ್ನಾತಕೋತ್ತರ ಪದವಿಗೆ ಓದಿದ ವಿಷಯದ ಪೂರ್ತಿ ಹೆಸರು ಇದು. ನರೋಣಾದ ಬಸ್ ಸ್ಟ್ಯಾಂಡಿನಲ್ಲಿ ಯಾರಿಗಾದರೂ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಆಳಂದದ ಬಸ್ಸು ಹೊರಟುಹೋಗಿರುತ್ತದೆ. ಅದಕ್ಕೇ ಯಾರು ಕೇಳಿದರೂ 'ವಕೀಲಕಿ ಓದಾಕತ್ತೇನಿ' ಅಂದು ಮುಗಿಸಿಬಿಡುತ್ತಿದ್ದೆ. ಕೇಳಿದವರು ಕೂಡಲೇ ಚೀಲದಿಂದ ಪಹಣಿ ತೆಗೆದು 'ಜರಾ ನೋಡವ್ವ' ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ದೇಶ ದೇಶಗಳ ನಡುವಿನ ಒಪ್ಪಂದ ಓದುವವಳ ಕೈಗೆ ಪಹಣಿ ಕೊಡುತ್ತಾರಲ್ಲ ಎಂದು.

ಆ ಉರಿ ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಇಲ್ಲಿ ಬಹಳ ಜನರ ಮೇಲೆ ಹರಿಹಾಯುವವಳಿದ್ದೇನೆ, ಆದ್ದರಿಂದ ಮೊದಲ ಪಾಲು ನನಗೇ ಇರಲಿ.

ನನ್ನನ್ನು ಓದಿಸಿದವಳು ದೊಡ್ಡವ್ವ, ಅವ್ವನ ಅಕ್ಕ. ಹೈಸ್ಕೂಲಿನಿಂದ ಅವಳ ಮನೆಯಲ್ಲೇ ಇದ್ದೆ. ಅವಳಿಗೆ ಓದಲು ಬರುವುದಿಲ್ಲ. ಸಹಿ ಮಾಡುವುದನ್ನು ಮಾತ್ರ ಹಟ ಹಿಡಿದು ಕಲಿತಿದ್ದಾಳೆ, ಹೆಬ್ಬೆಟ್ಟು ಒತ್ತೆಂದರೆ ಅವಳಿಗೆ ಅವಮಾನ. ಅವಳ ಹೊಲ ಎರಡು ತುಂಡು. ರಸ್ತೆಗೆ ಹತ್ತಿ ಇರುವುದು ಮರಡಿ, ಬರೀ ಕಲ್ಲು. ಅದರ ಹಿಂದೆ ಹಳ್ಳದ ದಂಡೆಗೆ ಇರುವುದು ಎರಿ ಹೊಲ, ತೊಗರಿ ಎದೆಮಟ್ಟ ಬರುವಂಥ ಕಪ್ಪು ಮಣ್ಣು. ಮರಡಿಯ ಉತ್ತರದ ಬದುವಿಗೆ ಒಂದು ಬಂಡಿ ಹಾದಿ. ಆ ಹಾದಿಯಿಂದಲೇ ದೊಡ್ಡವ್ವ ತನ್ನ ಎರಿ ಹೊಲಕ್ಕೆ ಹೋಗಬೇಕು, ಹಿಂದಿನ ಇನ್ನೂ ನಾಲ್ಕು ಮನೆಯವರು ತಂತಮ್ಮ ಹೊಲಕ್ಕೆ ಹೋಗಬೇಕು. ಹಾದಿ ಇರುವುದು ದೊಡ್ಡವ್ವನ ನೆಲದಲ್ಲಿ. ಆದರೆ ಅದು ತನ್ನದು ಅಂತ ಅವಳಾಗಲಿ ಅವಳ ಅತ್ತೆಯಾಗಲಿ ಯಾವತ್ತೂ ಅಂದವರಲ್ಲ.

ಎಳ್ಳ ಅಮಾಸಿಗೆ ನಮ್ಮ ಕಡೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಲೆ, ಕಡಬು ಎಲ್ಲ ಕಲಸಿದ ಎಡೆಯನ್ನು ಹೊಲದ ಸುತ್ತ ಚೆಲ್ಲುತ್ತ, ಕೂಗುತ್ತ ಒಂದು ಸುತ್ತು ಬರಬೇಕು. ನಮ್ಮ ಮನೆಯಲ್ಲಿ ಅದಕ್ಕೊಂದು ಹೆಚ್ಚಿನ ಪದ್ಧತಿ ಇತ್ತು. ಹೊಸ ಸೊಸೆ ಮೊದಲ ವರ್ಷ ಚರಗಕ್ಕೆ ಬಂದಾಗ ಪ್ರತಿ ಮೂಲೆಗೂ ನಿಂತು ಚಕ್ಕುಬಂದಿ ಹೇಳಬೇಕು. ಚಕ್ಕುಬಂದಿ ಅಂದರೆ ಹೊಲದ ನಾಲ್ಕೂ ದಿಕ್ಕಿಗೆ ಏನೇನಿದೆ ಎಂಬ ವಿವರ, ಹೊಲದ ಕಾಗದದ ಕೊನೆಗೆ ಬರೆದಿರುತ್ತಾರಲ್ಲ, ಅದು. ದೊಡ್ಡವ್ವ ಮದುವೆಯಾಗಿ ಬಂದ ವರ್ಷ ಕಲಿತ ಮರಡಿಯ ಚಕ್ಕುಬಂದಿಯನ್ನು ಇವತ್ತಿಗೂ ಒಂದೇ ಉಸಿರಿಗೆ ಹೇಳುತ್ತಾಳೆ. ಪೂರ್ವಕ್ಕೆ ಎರಿ ಹೊಲ, ಪಶ್ಚಿಮಕ್ಕೆ ಸಡಕು, ದಕ್ಷಿಣಕ್ಕೆ ಪಟೇಲರ ಹೊಲ, ಉತ್ತರಕ್ಕೆ ಬಂಡಿ ಹಾದಿ. ಚಿಕ್ಕವಳಿದ್ದಾಗ ನಾನೂ ಅವಳ ಹಿಂದೆ ಹೇಳುತ್ತಿದ್ದೆ. ಕಾನೂನು ಓದಲು ಹೋದ ಮೇಲೆ ಬಿಟ್ಟೆ.

ನಾನು ಮೊದಲ ವರ್ಷದ ಬೇಸಿಗೆ ರಜೆಗೆ ಬಂದಾಗ ಸೋಲಾರ್ ಕಂಪನಿಯ ಏಜೆಂಟ ಊರಿಗೆ ಬರತೊಡಗಿದ್ದ. ಹೊರದೇಶದ ಹಣ ಹಾಕಿದ ಕಂಪನಿ. ಮರಡಿ ಹೊಲವನ್ನು ಮೂವತ್ತು ವರ್ಷಕ್ಕೆ ಗೇಣಿಗೆ ಕೇಳಿದರು. ಅದರಲ್ಲಿ ಏನೂ ಬೆಳೆಯುತ್ತಿರಲಿಲ್ಲವಾದ್ದರಿಂದ ಕೊಡಲು ದೊಡ್ಡವ್ವನ ಅಡ್ಡಿ ಇರಲಿಲ್ಲ. ಕರಾರು ಪತ್ರ ಇಂಗ್ಲಿಷಿನಲ್ಲಿ, ನಲವತ್ತು ಪುಟ. ಅದನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ನೀ ಓದು ಬೇ. ನೀ ಹೂಂ ಅಂದ್ರ ನಾ ಸಹಿ ಹಾಕ್ತೇನಿ."

ನಾನು ಪೆನ್ಸಿಲ್ ಹಿಡಿದು ಕುಳಿತೆ. ಎಂಥ ಖುಷಿ ಅಂತೀರಿ. ಕ್ಲಾಸಿನಲ್ಲಿ ಓದಿದ್ದೆಲ್ಲ ನಮ್ಮ ಮನೆಯ ಕಟ್ಟೆಗೇ ಬಂದುಬಿಟ್ಟಿತ್ತು. ಕಾನೂನು ಬದಲಾದರೆ ಯಾರು ಹೊಣೆ, ಕಂಪನಿ ಕೈಬದಲಾದರೆ ಏನು, ತಂಟೆ ಬಂದರೆ ಮಧ್ಯಸ್ಥಿಕೆ ಎಲ್ಲಿ. ಮಧ್ಯಸ್ಥಿಕೆಯ ಜಾಗ ಎಲ್ಲೋ ದೂರದ ಮಹಾನಗರ ಎಂದಿತ್ತು. ಏಜೆಂಟನನ್ನು ಕರೆಸಿ, ಅದು ಕಲಬುರಗಿಯಲ್ಲೇ ಆಗಬೇಕು ಅಂದೆ. ಅವನು ಫೋನ್ ಹಚ್ಚಿ ಮಾತಾಡಿ ಅರ್ಧ ಗಂಟೆಯಲ್ಲಿ ಒಪ್ಪಿಸಿದ. ಅರ್ಧ ಗಂಟೆಯಲ್ಲಿ ಒಪ್ಪಿದರು ಅಂದರೆ ಅದರಿಂದ ಅವರ ಗಂಟೇನೂ ಹೋಗುವುದಿಲ್ಲ ಎಂಬಷ್ಟು ಸಾದಾ ಬುದ್ಧಿಯೂ ನನಗೆ ಹೊಳೆಯಲಿಲ್ಲ. ಆ ಸಂಜೆ ನಾನು ಓಣಿಯಲ್ಲಿ ಎದೆ ಸೆಟೆಸಿಕೊಂಡು ನಡೆದೆ.

"ಚಕ್ಕುಬಂದಿ ಏನ ಬರ್ದಾರ, ಅದ ಓದು" ಅಂದಳು ದೊಡ್ಡವ್ವ.

"ಅದರಾಗ ಓದೂದು ಏನದ ದೊಡ್ಡವ್ವಾ. ಸರ್ವೇ ನಂಬರ್ ಹಾಕಿ ಬರ್ದಿರ್ತಾರ. ಅದು ಗುಮಾಸ್ತರ ಕೆಲ್ಸ."

ರಾತ್ರಿ ಊಟಕ್ಕೆ ರೊಟ್ಟಿ ಹಾಕುವಾಗ ಮತ್ತೆ ಕೇಳಿದಳು, ಉತ್ತರಕ್ಕೆ ಏನು ಬರೆದಿದ್ದಾರೆ ಎಂದು. ನಾನು ಫೋನ್ ನೋಡುತ್ತ ಹೂಂ ಅಂದೆ. ಮೂರನೆಯ ಸಲ ಕೇಳಿದ್ದು ನೋಂದಣಿಗೆಂದು ಆಳಂದಕ್ಕೆ ಹೋಗುವ ಬಸ್ಸಿನಲ್ಲಿ. ಹಿಂದಿನ ಹೊಲದವಳೂ ನಮ್ಮ ಜೊತೆಗಿದ್ದಳು. ಕಿಣ್ಣಿ ಸುಲ್ತಾನ ಎಂಬ ಊರಿನಿಂದ ಬಂದ ಸೊಸೆ, ದೊಡ್ಡವ್ವನ ಓರಗೆಯವಳು, ಮೂವತ್ತು ವರ್ಷ ಇಬ್ಬರೂ ಅದೇ ಹಾದಿಯಲ್ಲಿ ಬುತ್ತಿ ಹೊತ್ತವರು. ಅವಳಿಗೆ ಹಾದಿಯದೇ ಚಿಂತೆ. ದೊಡ್ಡವ್ವ ನನ್ನ ಮುಖ ನೋಡಿದಳು.

"ನಾ ಓದೀನಿ. ಎಲ್ಲಾ ಬರಾಬರ್ ಅದ" ಅಂದೆ.

ಅದು ಸುಳ್ಳು. ಚಕ್ಕುಬಂದಿ ಬರೆದಿದ್ದ ಕೊನೆಯ ಪುಟವನ್ನು, ಷೆಡ್ಯೂಲನ್ನು, ನಾನು ತೆರೆದೇ ಇರಲಿಲ್ಲ.

ದೊಡ್ಡವ್ವ ಅವಳ ಕೈ ಹಿಡಿದು, "ನಮ್ಮ ಹುಡುಗಿ ಓದ್ಯಾಳ. ಹಾದಿ ಎಲ್ಲಿಗೂ ಹೋಗಂಗಿಲ್ಲ. ಇದು ನನ್ನ ಮಾತು" ಅಂದಳು. ನಮ್ಮ ಕಡೆ ಹೊಲದ ವಿಷಯದಲ್ಲಿ ಕೈ ಹಿಡಿದು ಕೊಟ್ಟ ಮಾತು ಅಂದರೆ ಸುಮ್ಮನೆ ಅಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದೆ.

ವಿಶ್ವವಿದ್ಯಾಲಯಕ್ಕೆ ಮರಳಿ, ನನ್ನ ಪ್ರಬಂಧದ ಕೆಲಸ ಶುರು ಮಾಡಿದೆ. ವಿಷಯ, ಹೂಡಿಕೆದಾರನ ನ್ಯಾಯಬದ್ಧ ನಿರೀಕ್ಷೆ. ಹೊರದೇಶದ ಹಣದವನಿಗೆ ಸರ್ಕಾರ ಒಂದು ಭರವಸೆ ಕೊಟ್ಟಿತು ಅನ್ನಿ. ಅದನ್ನು ನಂಬಿ ಅವನು ಬಂದ. ಆಮೇಲೆ ಸರ್ಕಾರ ಮನಸ್ಸು ಬದಲಿಸಿತು. ಆಗ ಅವನ ನಿರೀಕ್ಷೆಗೆ ಪೆಟ್ಟಾಯಿತು ಅಂತ, ಎಷ್ಟೋ ಒಪ್ಪಂದಗಳ ಪ್ರಕಾರ ಅವನು ಸರ್ಕಾರವನ್ನೇ ಮಧ್ಯಸ್ಥರ ಮುಂದೆ ಎಳೆದು ತಂದು ಪರಿಹಾರ ಕೇಳಬಹುದು. ಈ ವಿಷಯದ ಮೇಲೆ ಪುಸ್ತಕಗಳ ಗೋಡೆಯೇ ಇದೆ. ಸೆಮಿನಾರಿನಲ್ಲಿ ನಾನು ನಮ್ಮ ದೊಡ್ಡವ್ವನ ಕರಾರನ್ನೇ ಉದಾಹರಣೆ ಕೊಟ್ಟೆ. ಹಳ್ಳಿಯ ಹೆಂಗಸೊಬ್ಬಳು ಕೂಡ ಮಧ್ಯಸ್ಥಿಕೆಯ ಜಾಗ ಬದಲಿಸಿಕೊಳ್ಳಬಲ್ಲಳು, ಒಪ್ಪಂದ ಸಮತೋಲನದಲ್ಲಿರಬಲ್ಲದು ಅಂದೆ. ಚಪ್ಪಾಳೆ ಬಿತ್ತು. ನನ್ನ ಗೈಡ್, ಊರೂರು ಸಮ್ಮೇಳನಕ್ಕೆ ಹೋಗಿಬರುವ ಹಿರಿಯ ಪ್ರಾಧ್ಯಾಪಕರು, ಇದನ್ನು ಪ್ರಬಂಧದಲ್ಲಿ ಸೇರಿಸು ಅಂದರು.

ದಸರೆ ಮುಗಿದ ಮೇಲೆ ದೊಡ್ಡವ್ವನ ಫೋನು ಬಂತು.

"ಗೇಟ್ ಹಾಕ್ಯಾರ."

"ಎಲ್ಲಿ?"

"ಹಾದಿಗಿ."

ಅಷ್ಟೇ ಅಂದಳು. ನನ್ನನ್ನು ಬೈಯಲಿಲ್ಲ, ಯಾಕೆ ಹೀಗಾಯಿತು ಎಂದು ಕೇಳಲೂ ಇಲ್ಲ. ನಾನು ಫೋನಿಟ್ಟು ಪೆಟ್ಟಿಗೆಯ ತಳದಿಂದ ಕರಾರಿನ ಪ್ರತಿ ತೆಗೆದೆ. ಕೊನೆಯ ಪುಟ. ಪೂರ್ವಕ್ಕೆ ಸದರಿ ಮಾಲೀಕರ ಉಳಿದ ಹೊಲ, ಪಶ್ಚಿಮಕ್ಕೆ ರಸ್ತೆ, ದಕ್ಷಿಣಕ್ಕೆ ಇಂಥವರ ಹೊಲ. ಉತ್ತರಕ್ಕೆ ಇಂಥವರ ಹೊಲ. ಬಂಡಿ ಹಾದಿ ಎಂಬ ಎರಡು ಶಬ್ದವೇ ಇರಲಿಲ್ಲ. ಹಾದಿ ಪೂರ್ತಿ ಗೇಣಿಯ ಹೊಲದೊಳಗೆ ಸೇರಿಹೋಗಿತ್ತು. ಹತ್ತು ವರ್ಷದವಳಿದ್ದಾಗ ನನಗೆ ಬಾಯಿಪಾಠವಿದ್ದ ನಾಲ್ಕು ಸಾಲು. ಓದಿದ್ದರೆ ಅರ್ಧ ನಿಮಿಷ ಸಾಕಿತ್ತು.

ಮರುದಿನವೇ ಊರಿಗೆ ಬಂದೆ. ಮರಡಿಯ ಸುತ್ತ ತಂತಿ ಬೇಲಿ, ಹಾದಿಯ ಬಾಯಿಗೆ ಕಬ್ಬಿಣದ ಗೇಟು. ಒಳಗೆ ಡಬ್ಬಿಯಂಥ ಸೈಟ್ ಆಫೀಸು. ಅಲ್ಲಿದ್ದ ಅಧಿಕಾರಿ ಬಹಳ ಮರ್ಯಾದೆಯ ಮನುಷ್ಯ. ಕುರ್ಚಿ ಕೊಟ್ಟ, ನೀರಿನ ಬಾಟಲಿ ಕೊಟ್ಟ, ನಕ್ಷೆ ತೆಗೆದು ತೋರಿಸಿದ.

"ನಕ್ಷೆಯಲ್ಲಿ ಹಾದಿ ಇಲ್ಲ ಮೇಡಂ. ಕರಾರಿನಲ್ಲೂ ಇಲ್ಲ. ನೀವೇ ಅಲ್ಲವಾ, ಮಧ್ಯಸ್ಥಿಕೆಯ ಜಾಗ ಬದಲಿಸಿ ಅಂದವರು? ಪೂರ್ತಿ ಓದಿಯೇ ಸಹಿ ಮಾಡಿಸಿದ್ದೀರಿ ಅಂದುಕೊಂಡಿದ್ದೇವೆ."

ಅವನು ಇನ್ನೂ ಮರ್ಯಾದೆಯಿಂದ ಹೇಳಿದ, ಆದರೂ ಮಾನವೀಯ ದೃಷ್ಟಿಯಿಂದ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ರೈತರನ್ನು ಒಳಗೆ ಬಿಡುತ್ತೇವೆ, ಗೇಟಿನಲ್ಲಿ ರಿಜಿಸ್ಟರ್ ಇದೆ, ಬರೆದು ಹೋಗಲಿ ಎಂದು. ಮಾನವೀಯ ದೃಷ್ಟಿಯಂತೆ. ಅವರವರ ಹೊಲಕ್ಕೆ ಅವರು ಹೋಗುವುದಕ್ಕೆ ಇವನ ಮಾನವೀಯತೆ. ನಾನು ನೀರು ಮುಟ್ಟದೆ ಎದ್ದು ಬಂದೆ, ಅದನ್ನು ದೊಡ್ಡ ಶೌರ್ಯ ಎಂದುಕೊಂಡು. ಮನೆಗೆ ಬರುವಾಗ ನೋಡಿದೆ, ಬಾವಿಗೆ ಬಂದಿದ್ದ ಕಿಣ್ಣಿ ಸುಲ್ತಾನದವಳು ದೊಡ್ಡವ್ವನನ್ನು ಕಂಡು ಮುಖ ತಿರುವಿ ಕೊಡ ಎತ್ತಿಕೊಂಡು ಹೋದಳು. ದೊಡ್ಡವ್ವ ಅಲ್ಲೇ ಹಗ್ಗ ಹಿಡಿದು ನಿಂತಿದ್ದಳು.

ಕೈತಪ್ಪಿ ಬಿಟ್ಟುಹೋಗಿರಬಹುದು ಎಂದು ಒಂದು ವಾರ ಸಮಾಧಾನ ಮಾಡಿಕೊಂಡೆ. ಜೇವರ್ಗಿಯಲ್ಲಿ ವಕೀಲಿ ಮಾಡುವ ನನ್ನ ಹಳೆಯ ಸಹಪಾಠಿಗೆ ಫೋನ್ ಮಾಡಿದಾಗ ಆ ಸಮಾಧಾನವೂ ಹೋಯಿತು. ಅದೇ ಕಂಪನಿಯ ಕರಾರು ಅವಳ ಕಕ್ಷಿದಾರರ ಹತ್ತಿರವೂ ಇತ್ತು. ಅಫಜಲಪುರದ ಕಡೆಯದೂ ಎರಡು ಪ್ರತಿ ಸಂಪಾದಿಸಿ ಕಳಿಸಿದಳು. ಒಂದೇ ನಲವತ್ತು ಪುಟ, ಹೆಸರು ಬೇರೆ ಅಷ್ಟೇ. ಜೇವರ್ಗಿಯ ಹೊಲದಲ್ಲಿ ಪೂರ್ವಕ್ಕಿದ್ದ ಹಳ್ಳದ ದಾರಿ ಕಾಗದದಲ್ಲಿಲ್ಲ. ಅಫಜಲಪುರ ತಾಲ್ಲೂಕಿನಲ್ಲಿ ಸೊನ್ನದ ಕಡೆಯ ಹೊಲದಲ್ಲಿ ದನಗಳು ಭೀಮೆಗೆ ನೀರಿಗೆ ಹೋಗುವ ದಾರಿ ಕಾಗದದಲ್ಲಿಲ್ಲ. ಒಂದು ಊರಲ್ಲಿ ಬಿಟ್ಟುಹೋದರೆ ಮರೆವು ಅನ್ನಬಹುದು. ಮೂರು ತಾಲ್ಲೂಕಿನಲ್ಲೂ ಹಾದಿಯನ್ನೇ ಆರಿಸಿ ಮರೆಯುವ ಮರೆವು ಎಂಥದ್ದು? ಅಷ್ಟೂ ಕಡೆ ಮಧ್ಯಸ್ಥಿಕೆಯ ಜಾಗ ಮಹಾನಗರ ಎಂದೇ ಇತ್ತು, ನಮ್ಮೊಬ್ಬರದು ಬಿಟ್ಟು. ನನ್ನ ಕೈಗೆ ಆಟಿಕೆ ಕೊಟ್ಟು ಹಾದಿ ಒಯ್ದಿದ್ದರು.

ನಾನು ಪ್ರಬಂಧಕ್ಕೆ ಹೊಸ ಅಧ್ಯಾಯ ಬರೆದೆ. ಹೂಡಿಕೆದಾರನಿಗೆ ನಿರೀಕ್ಷೆ ಇದ್ದರೆ, ಮೂವತ್ತು ವರ್ಷ ಒಂದೇ ಹಾದಿ ತುಳಿದ ಹೆಂಗಸಿಗೆ ಏನಿದೆ ಎಂದು. ಗೈಡ್ ಅದರ ಮೇಲೆ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೀರು ಎಳೆದರು.

"ಇದು ಮುನ್ಸೀಫ್ ಕೋರ್ಟಿನ ವಿಷಯ. ನಮ್ಮ ವ್ಯಾಪ್ತಿಗೆ ಬರುವುದಿಲ್ಲ."

"ಸರ್, ಕಂಪನಿಯ ಹಣ ನಮ್ಮ ವ್ಯಾಪ್ತಿಗೆ ಬರುತ್ತದೆ. ಆ ಹಣ ಇಳಿದಿರುವ ನೆಲ ಯಾಕೆ ಬರುವುದಿಲ್ಲ?"

"ಭಾವನೆಗೆ ಬಿದ್ದು ಬರೆಯಬಾರದು" ಅಂದರು.

ಹೂಡಿಕೆದಾರನ ನಿರೀಕ್ಷೆ ಸಿದ್ಧಾಂತ, ದೊಡ್ಡವ್ವನ ನಿರೀಕ್ಷೆ ಭಾವನೆ. ಈ ಮಾತಿಗೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಆದರೂ ಅಧ್ಯಾಯ ತೆಗೆದೆ, ಪದವಿ ಬೇಕಿತ್ತು. ತೆಗೆದು, ಪ್ರಬಂಧದ ಕೊನೆಗೆ ಷೆಡ್ಯೂಲ್ ಎಂದು ಒಂದು ಪುಟ ಸೇರಿಸಿ ಮರಡಿ ಹೊಲದ ನಾಲ್ಕು ದಿಕ್ಕುಗಳನ್ನು ಬರೆದಿಟ್ಟೆ, ಉತ್ತರಕ್ಕೆ ಬಂಡಿ ಹಾದಿ ಸಮೇತ. ಗೈಡ್ ಗಮನಿಸಲಿಲ್ಲ. ಆಮೇಲೆ ಮೌಖಿಕ ಪರೀಕ್ಷೆಗೆ ಬಂದವರೂ ಅದರ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಕೊನೆಯ ಪುಟ ಯಾರೂ ಓದುವುದಿಲ್ಲ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪರೀಕ್ಷೆಗೆ ಮೊದಲೇ ಎಳ್ಳ ಅಮಾಸಿ ಬಂತು. ನಾನು ಹಿಂದಿನ ದಿನವೇ ಊರಿಗೆ ಬಂದಿದ್ದೆ. ಬೆಳಿಗ್ಗೆ ದೊಡ್ಡವ್ವ ಚರಗದ ಬುಟ್ಟಿ ತಲೆಯ ಮೇಲಿಟ್ಟುಕೊಂಡಳು. ಮರಡಿಗೆ ಈ ಸಲ ಚರಗ ಇಲ್ಲ, ಹಿಂದಿನ ಎರಿ ಹೊಲಕ್ಕಾದರೂ ಚೆಲ್ಲಬೇಕು. ಗೇಟಿನ ಹತ್ತಿರ ಹೋದರೆ ಹಿಂದಿನ ನಾಲ್ಕು ಮನೆಯವರೂ ಬುಟ್ಟಿ ಹೊತ್ತು ನಿಂತಿದ್ದರು. ಕಾವಲುಗಾರ ಪಕ್ಕದೂರಿನವನೇ, ನಡುವಯಸ್ಸಿನ ಗೃಹಸ್ಥ. ಕುರ್ಚಿಯ ಮೇಲೆ ರಿಜಿಸ್ಟರ್ ಇಟ್ಟಿದ್ದ.

"ಬರ್ರಿ ಅವ್ವಾ. ಬರ್ದು ಹೋಗ್ರಿ."

ರಿಜಿಸ್ಟರನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಯಾವ ಕಾಗದವನ್ನೂ ಇನ್ನು ಮೇಲಿಂದ ಕೆಳಗೆ ಓದದೆ ಬಿಡಬಾರದು ಎಂದು ಗೇಟಿನ ಸುದ್ದಿ ಬಂದ ದಿನವೇ ಆಣೆ ಮಾಡಿಕೊಂಡಿದ್ದೆ, ಮೊದಲ ಪುಟದಿಂದ ತಿರುವಿದೆ. ಕ್ರಮಸಂಖ್ಯೆ, ಹೆಸರು, ಊರು, ಯಾರನ್ನು ಕಾಣಬೇಕು, ಉದ್ದೇಶ, ಅನುಮತಿ ಕೊಟ್ಟವರು, ಸಹಿ. ಅನುಮತಿಯ ಅಂಕಣದಲ್ಲಿ ಪ್ರತಿ ಸಾಲಿಗೂ 'ಸೈಟ್ ಆಫೀಸ್' ಎಂದು ಒಂದೇ ಕೈಬರಹ. ಅದರ ಮುಂದೆ ಹಟ ಹಿಡಿದು ಕಲಿತ ದೊಡ್ಡವ್ವನ ಸಹಿ, ದಿನಕ್ಕೊಂದು. ಕಿಣ್ಣಿ ಸುಲ್ತಾನದವಳ ಹೆಬ್ಬೆಟ್ಟು. ದಸರೆಯಿಂದ ಅವತ್ತಿನವರೆಗೆ, ಪುಟಗಟ್ಟಲೆ.

ಅನುಮತಿಯ ಅಂಕಣ ನೋಡುತ್ತಿದ್ದಂತೆ ಒಂದು ಹಳೆಯ ಪಾಠ ನೆನಪಾಯಿತು. ಇದು ಹೂಡಿಕೆ ಕಾನೂನಲ್ಲ, ಮೊದಲ ಪದವಿಯಲ್ಲಿ ಓದಿ ಮರೆತದ್ದು. ವರ್ಷಗಟ್ಟಲೆ ಯಾರನ್ನೂ ಕೇಳದೆ, ಬಹಿರಂಗವಾಗಿ, ಇದು ನಮ್ಮ ಹಾದಿ ಎಂದು ನಡೆದವರಿಗೆ ಆ ಹಾದಿಯ ಮೇಲೆ ಹಕ್ಕು ಬರುತ್ತದೆ. ಅನುಮತಿ ಪಡೆದು ನಡೆದವರಿಗೆ ಬರುವುದಿಲ್ಲ, ಅದು ಬರೀ ಕೊಟ್ಟವರ ದಯೆ. ಆ ಮರ್ಯಾದಸ್ಥ ಅಧಿಕಾರಿಯ ಮಾನವೀಯ ದೃಷ್ಟಿ ಈ ಪುಸ್ತಕದಲ್ಲಿತ್ತು. ನಮ್ಮ ಹೆಂಗಸರು ದಿನಾ ಒಂದೊಂದು ಸಹಿ ಹಾಕಿ ಹಾದಿ ಅವರದೆಂದು ಬರೆದುಕೊಡುತ್ತಿದ್ದರು. ನಾಳೆ ಕೋರ್ಟಿಗೆ ಹೋದರೆ ಅವರು ಮೊದಲು ಮೇಜಿನ ಮೇಲೆ ಇಡುವುದು ಇದನ್ನೇ.

ಈ ಸಹಿಗಳಿಂದ ಏನಾಗುತ್ತದೆ ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಬಸ್ಸಿನಲ್ಲಿ ಹೇಳಿದ ಸುಳ್ಳನ್ನೂ ಹೇಳಿದೆ. ಷೆಡ್ಯೂಲ್ ನಾನು ಓದಿರಲಿಲ್ಲ, ದೊಡ್ಡವ್ವನ ಮಾತು ಕೆಟ್ಟದ್ದು ನನ್ನಿಂದ, ಮುಖ ತಿರುವುವುದಾದರೆ ನನ್ನನ್ನು ಕಂಡು ತಿರುವಿರಿ ಅಂದೆ. ಕಿಣ್ಣಿ ಸುಲ್ತಾನದವಳು ತಲೆಯ ಮೇಲಿನ ಬುಟ್ಟಿಗೆ ಹಿಡಿದಿದ್ದ ಕೈ ಬದಲಿಸಿದಳು.

"ಸಹಿ ಹಾಕ್ಬ್ಯಾಡ್ರಿ" ಅಂದೆ.

"ಹಾಕ್ಲಿಲ್ಲಂದ್ರ ನಾ ಗೇಟ್ ತೆಗ್ಯಾಂಗಿಲ್ರಿ. ನನ್ನ ನೌಕ್ರಿ ಹೋಗ್ತದ" ಅಂದ ಕಾವಲುಗಾರ. ಅವನ ಮಾತೂ ಖರೆಯೇ. ಬಿಸಿಲು ಏರುತ್ತಿತ್ತು, ಚರಗಕ್ಕೆ ತಡವಾಗಬಾರದು.

ದೊಡ್ಡವ್ವ ಬುಟ್ಟಿ ಇಳಿಸಿ ಗೇಟಿನ ಮಗ್ಗುಲಿಗೆ ಇಟ್ಟಳು. ಬಹಳ ಹೊತ್ತು ಯೋಚಿಸಲಿಲ್ಲ.

"ಪುಸ್ತಕ ಹಿಡಿ ಬೇ. ನಾ ಹೇಳ್ದಂಗ ಬರಿ."

ನಾನು ಪೆನ್ನು ಹಿಡಿದೆ. ಕ್ರಮಸಂಖ್ಯೆ, ಅವಳ ಹೆಸರು, ಊರು ಬರೆದೆ. ಯಾರನ್ನು ಕಾಣಬೇಕು ಎಂದು ಕೇಳಿದೆ.

"ಭೂಮ್ತಾಯಿನ್ನ."

ಉದ್ದೇಶ?

"ನನ್ನ ಎರಿ ಹೊಲಕ್ಕ ಚರಗ ಚೆಲ್ಲಾಕ ಹೊಂಟೀನಿ. ಮರಡಿಯ ಉತ್ತರಕ್ಕ ಬಂಡಿ ಹಾದಿ ಅದ, ಅದರಾಗ ಹೊಂಟೀನಿ. ನಮ್ಮ ಅತ್ತಿ ಹಿಂಗೇ ಹೋಗ್ತಿದ್ಲು."

ಉದ್ದೇಶದ ಅಂಕಣ ಸಾಲದೆ ಅಕ್ಷರಗಳು ಕೆಳಗಿನ ಸಾಲಿಗೆ ಇಳಿದವು. ಕಾವಲುಗಾರ ಬಗ್ಗಿ ನೋಡುತ್ತಿದ್ದ.

"ಅನುಮತಿ ಕೊಟ್ಟವರು" ಅಂದೆ.

"ಯಾರೂ ಇಲ್ಲ ಅಂತ ಬರಿ. ಪರವಾನಗಿ ಕೇಳಿಲ್ಲ, ಕೇಳಂಗಿಲ್ಲ ಅಂತ ಬರಿ."

"ಹಿಂಗ ಬರ್ದ್ರ ಸಾಹೇಬ್ರು ನನಗ ಬೈತಾರ್ರಿ ಅವ್ವಾ" ಅಂದ ಅವನು.

"ಬರ್ದು ಹೋಗ್ರಿ ಅಂದಿ, ಬರ್ದೇವಿ. ಏನ್ ಬರೀಬೇಕು ಅಂತ ನೀ ಎಲ್ಲಿ ಹೇಳೀದಿ?"

ಹಿಂದಿನಿಂದ ಕಿಣ್ಣಿ ಸುಲ್ತಾನದವಳು ಮುಂದೆ ಬಂದು, "ನಂದೂ ಹಂಗೇ ಬರಿ" ಅಂದಳು. ಅವಳು ಮಾತಾಡಿದ್ದು ನನ್ನ ಕೂಡ, ಆದರೆ ಬುಟ್ಟಿ ಇಳಿಸಿದ್ದು ದೊಡ್ಡವ್ವನ ಬುಟ್ಟಿಯ ಪಕ್ಕಕ್ಕೆ. ಅವತ್ತಿನಿಂದ ಐದೂ ಮನೆಯವರು ಹಾಗೇ ಬರೆಸುತ್ತಿದ್ದಾರೆ. ಹಾದಿಗಾಗಿ ಆಮೇಲೆ ನಾವು ಹಾಕಿದ ಕೇಸು ಆಳಂದದ ಕೋರ್ಟಿನಲ್ಲಿ ಇನ್ನೂ ನಡೆದಿದೆ, ಗೇಟು ಇನ್ನೂ ಇದೆ. ನ್ಯಾಯಾಧೀಶರ ಮುಂದೆ ಆ ರಿಜಿಸ್ಟರ್ ತರಿಸಬೇಕೆಂದು ಈಗ ಅರ್ಜಿ ಹಾಕಿರುವವರು ನಾವು.

ಆ ಬೆಳಿಗ್ಗೆ ನಾನು ಬರೆದು ಮುಗಿಸಿ ಪೆನ್ನನ್ನು ದೊಡ್ಡವ್ವನ ಕಡೆ ಚಾಚಿದೆ, ಸಹಿ ಹಾಕು ಎಂದು. ಅವಳು ತೆಗೆದುಕೊಳ್ಳಲಿಲ್ಲ.

"ಓದು" ಅಂದಳು.

"ನೀ ಹೇಳಿದ್ದೇ ಬರ್ದೀನಿ ದೊಡ್ಡವ್ವಾ."

"ಓದು ಬೇ. ಈ ಸಲ ಪೂರ್ತಿ ಓದು."

ಎಂಟು ತಿಂಗಳಲ್ಲಿ ಅವಳು ನನಗೆ ಅಂದ ಬಿರುಸು ಮಾತು ಅದೊಂದೇ. ನಾನು ರಿಜಿಸ್ಟರನ್ನು ಕೈಗೆತ್ತಿಕೊಂಡು, ಎಲ್ಲರಿಗೂ ಕೇಳುವಂತೆ, ಕ್ರಮಸಂಖ್ಯೆಯಿಂದ ಶುರುಮಾಡಿ ಕೊನೆಯ ಅಕ್ಷರದವರೆಗೂ ಓದಿದೆ. ಆಮೇಲೆ ಅವಳು ಸಹಿ ಹಾಕಿದಳು.